ಮಾಣಿಯ ಹೆಸರು

2025ರ ನವೆಂಬರ್ 21ರಂದು ಕೇಂದ್ರ ಸರಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳನ್ನು ಕರಗಿಸಿ ಎರಕ ಹೊಯ್ದ ಈ ಸಂಹಿತೆಗಳ ವಿಷಯವಾಗಿ ನಡೆದಿರುವ ಚರ್ಚೆ ಬಹುಮಟ್ಟಿಗೆ ದೊಡ್ಡ ಕಾರಖಾನೆಗಳ ಸುತ್ತಲೇ ಸುತ್ತಿದೆ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರಖಾನೆಯನ್ನು ಸರಕಾರದ ಅನುಮತಿಯಿಲ್ಲದೆ ಮುಚ್ಚಲು ಬಿಡುವುದು ಸರಿಯೆ? ಮುಷ್ಕರ ಹೂಡುವ ಮುನ್ನ ಹದಿನಾಲ್ಕು ದಿನಗಳ ಸೂಚನೆ ಕೊಡಬೇಕೆಂಬುದು ನ್ಯಾಯವೆ? ಇವು ದೊಡ್ಡ ಪ್ರಶ್ನೆಗಳೇ ಹೌದು. ಸಂಘಗಳೂ ಮಾಲಿಕರೂ ಇವುಗಳ ಬಗೆಗೆ ವಾದಿಸುವುದು ಸಹಜವೇ ಆಗಿದೆ. ಆದರೆ ಈ ಗದ್ದಲದಲ್ಲಿ ಯಾರ ಲಕ್ಷ್ಯಕ್ಕೂ ಸರಿಯಾಗಿ ಬೀಳದೆ ಉಳಿದ ಒಂದು ಸಣ್ಣ ವಿಧಿಯುಂಟು. ಕೆಲಸಕ್ಕೆ ಸೇರಿದ ಪ್ರತಿಯೊಬ್ಬನಿಗೂ ಒಡೆಯನಾದವನು ನೇಮಕ ಪತ್ರವನ್ನು ಬರೆದುಕೊಡತಕ್ಕದ್ದು. ಮೊದಲಿನಿಂದ ಇದ್ದವನಿಗೂ, ಕೊಟ್ಟಿರದಿದ್ದರೆ, ಸಂಹಿತೆ ಜಾರಿಗೆ ಬಂದ ಮೂರು ತಿಂಗಳೊಳಗೆ ಕೊಡತಕ್ಕದ್ದು. ನಮ್ಮ ಬೀದಿಗಳ ಬಾಗಿಲನ್ನು ತಟ್ಟುವ ವಿಧಿ ಇದು.

ಈ ಬಾಗಿಲುಗಳ ಸಂಖ್ಯೆಯೆಷ್ಟೆಂಬುದನ್ನು ಮೊದಲು ನೋಡಬೇಕು. ಕೃಷಿಯನ್ನು ಬಿಟ್ಟು, ಕಂಪನಿಯಾಗಿ ನೋಂದಾಯಿತವಾಗದ ಉದ್ಯಮಗಳನ್ನು ಕೇಂದ್ರದ ಅಂಕಿಅಂಶ ಇಲಾಖೆಯು 2023-24ರಲ್ಲಿ ಸಮೀಕ್ಷೆ ಮಾಡಿದಾಗ, ದೇಶದಲ್ಲಿ ಅವು 7.34 ಕೋಟಿ ಇದ್ದುವು. ಅವುಗಳಲ್ಲಿ ದುಡಿಯುವವರು 12 ಕೋಟಿಗೂ ಮಿಕ್ಕಿದ್ದರು. ಭಾಗಿಸಿ ನೋಡಿದರೆ ಒಂದೊಂದರಲ್ಲಿ ಸರಾಸರಿ ಇಬ್ಬರು ಕೂಡ ಇಲ್ಲ. ಹೆಚ್ಚಿನವು ಗಂಡ-ಹೆಂಡಿರು, ಅಣ್ಣ-ತಮ್ಮಂದಿರು ನಡೆಸುವಂಥವು. ಆದರೆ ಅವುಗಳ ಪೈಕಿ ಕೂಲಿಗೆ ಜನರನ್ನು ಇಟ್ಟುಕೊಂಡ ಉದ್ಯಮಗಳಲ್ಲಿ ಒಬ್ಬ ನೌಕರನಿಗೆ ವರ್ಷಕ್ಕೆ ದೊರೆಯುತ್ತಿದ್ದ ಸರಾಸರಿ ಸಂಬಳ ಒಂದು ಲಕ್ಷ ನಲವತ್ತೆರಡು ಸಾವಿರದಷ್ಟು, ಎಂದರೆ ತಿಂಗಳಿಗೆ ಹನ್ನೆರಡು ಸಾವಿರಕ್ಕೂ ಒಳಗೆ. ಬಟ್ಟೆಯಂಗಡಿಯ ಹುಡುಗಿ, ಗ್ಯಾರೇಜಿನ ಕೆಲಸದವ, ಹಿಟ್ಟಿನ ಗಿರಣಿಯ ಆಳು, ಹೋಟೆಲಿನ ಮಾಣಿ, ಔಷಧಿಯಂಗಡಿಯ ಸಹಾಯಕ, ಇವರೆಲ್ಲರೂ ಈ ಲೆಕ್ಕದೊಳಗಿನವರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕಾಗಿದೆ. ನೇಮಕ ಪತ್ರವು ಇನ್ನು ಮುಂದೆ ಎಲ್ಲ ಕಾರ್ಮಿಕರಿಗೂ ಕಡ್ಡಾಯವೆಂದು ಸರಕಾರವು ಪ್ರಕಟಿಸಿತು. ಆದರೆ ಈ ವಿಧಿಯನ್ನೊಳಗೊಂಡ ಸುರಕ್ಷತಾ ಸಂಹಿತೆಯಲ್ಲಿ ‘ಸಂಸ್ಥೆ’ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವನ್ನು ಓದಿದರೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಸ್ಥಳವೆಂಬುದು ಅದರ ಸಾಮಾನ್ಯ ಗಡಿ. ಮೂರು ಜನರಿರುವ ಅಂಗಡಿಯ ಹೊಸ್ತಿಲಿನಲ್ಲಿಯೇ ಕೇಂದ್ರದ ಸಂಹಿತೆ ನಿಂತುಬಿಡುತ್ತದೆ. ಹಾಗೆಂದು ಆ ಅಂಗಡಿಯವನು ನಿಶ್ಚಿಂತನಾಗಿರುವಂತಿಲ್ಲ. ಕರ್ನಾಟಕದ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಷ್ಟು ಹಳೆಯದು. ಅದಕ್ಕೆ ಮುಂದೆ ಸೇರಿಸಿದ ಒಂದು ಪ್ರಕರಣದ ಪ್ರಕಾರ, ಕೆಲಸಕ್ಕಿಟ್ಟುಕೊಂಡ ಮೂವತ್ತು ದಿನಗಳೊಳಗಾಗಿ ನೌಕರನ ಹೆಸರು, ಹುದ್ದೆ, ಸಂಬಳ, ಷರತ್ತು ಇವನ್ನು ಬರೆದು ಅವನ ಕೈಗೆ ಕೊಡಬೇಕು. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ವಾರದಲ್ಲೊಂದು ರಜೆ, ಆರು ತಿಂಗಳು ಸತತವಾಗಿ ದುಡಿದವನನ್ನು ಬಿಡಿಸಬೇಕಾದರೆ ಯುಕ್ತವಾದ ಕಾರಣ ಮತ್ತು ಒಂದು ತಿಂಗಳ ಸೂಚನೆ ಅಥವಾ ಸಂಬಳ, ಇವೆಲ್ಲವೂ ಆ ಕಾಯಿದೆ ವಿಧಿಸುತ್ತ ಬಂದವುಗಳೇ. ಹಾಗಾದರೆ ನಿನ್ನೆ ಮೊನ್ನೆ ಹೊಸದಾಗಿ ಬಂದುದೆಂದು ಜನ ತಿಳಿದಿರುವ ಈ ಕಾಗದವು ನಮ್ಮ ನಾಡಿನಲ್ಲಿ ಹೊಸದಲ್ಲ. ಇಷ್ಟು ಕಾಲವೂ ಅದನ್ನು ಕೊಟ್ಟವರು ವಿರಳ, ಕೇಳಿದವರು ಅದಕ್ಕಿಂತ ವಿರಳ. ಇದು ಏಕೆ ಹೀಗಾಯಿತೆಂದು ವಿಚಾರಿಸದೆ ಹೊಸ ಸಂಹಿತೆಯ ಫಲಾಫಲವನ್ನು ಹೇಳುವುದು ಸಾಧ್ಯವಿಲ್ಲ.

ಸಣ್ಣ ಉದ್ಯಮದಲ್ಲಿ ನೌಕರಿಯೆಂಬುದು ಪರಿಚಯದಿಂದ ಹುಟ್ಟುತ್ತದೆ. ಇದಕ್ಕೆ ನಮ್ಮ ಹೋಟೆಲುಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಉಡುಪಿ, ಕುಂದಾಪುರಗಳ ಕಡೆಯಿಂದ ಹೊರಟ ಹುಡುಗನು ದೂರದ ಬಂಧುವಿನ ಇಲ್ಲವೇ ನೆರೆಮನೆಯವನ ಬೆನ್ನುಹಿಡಿದು ಬೆಂಗಳೂರನ್ನೋ ಮುಂಬಯಿಯನ್ನೋ ಮದರಾಸನ್ನೋ ಸೇರುತ್ತಿದ್ದ. ಉಣ್ಣುವುದೂ ಮಲಗುವುದೂ ಹೋಟೆಲಿನಲ್ಲಿಯೇ. ಲೋಟ ತೊಳೆಯುವುದರಿಂದ ಆರಂಭಿಸಿ, ಮೇಜು ಒರಸಿ, ಮಾಣಿಯಾಗಿ, ಅಡುಗೆಮನೆಯ ಮರ್ಮವನ್ನು ಕಲಿತು, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವಷ್ಟು ವಿಶ್ವಾಸವನ್ನು ಸಂಪಾದಿಸಿದವನು ಮುಂದೆ ತಾನೇ ಒಂದು ಹೋಟೆಲನ್ನು ತೆರೆಯುತ್ತಿದ್ದುದೂ ಉಂಟು. ಮುಂಬಯಿಯಲ್ಲಿ ಇಂಥ ಹುಡುಗರು ಹಗಲು ದುಡಿದು ಇರುಳು ಓದಲೆಂದು ಕನ್ನಡ ರಾತ್ರಿಶಾಲೆಗಳು ನಡೆದುವು. ಅಲ್ಲಿ ಕಲಿತವರು ವಕೀಲರೂ ಲೇಖಕರೂ ಆದರು. ಈ ವ್ಯವಸ್ಥೆಯ ಗುಣವನ್ನು ಅಲ್ಲಗಳೆಯಲಾಗದು. ಊರಿನಲ್ಲಿ ಹುಡುಗನ ತಂದೆಗೆ ಧಣಿಯ ಪರಿಚಯ, ಧಣಿಗೆ ಹುಡುಗನ ಮನೆತನದ ಪರಿಚಯ. ಹುಡುಗ ತಪ್ಪು ಮಾಡಿದರೆ ಊರಿಗೆ ಸುದ್ದಿ ಮುಟ್ಟುವುದು; ಧಣಿ ಅನ್ಯಾಯ ಮಾಡಿದರೂ ಊರಿಗೆ ಸುದ್ದಿ ಮುಟ್ಟುವುದು. ಆ ಸುದ್ದಿಯ ಅಂಜಿಕೆಯೇ ಇಬ್ಬರ ನಡುವಿನ ಕರಾರುಪತ್ರ.

ದೋಷವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬೆಳಗಿನ ಜಾವ ಎದ್ದ ಹುಡುಗನು ಎಷ್ಟು ಗಂಟೆಗೆ ಮಲಗಬೇಕೆಂಬ ಲೆಕ್ಕವಿರಲಿಲ್ಲ. ಸಂಬಳವು ಅವನ ಕೈಗೆ ಬಾರದೆ ಧಣಿಯ ಪುಸ್ತಕದಲ್ಲಿ ಕೂಡುತ್ತ ಹೋಗುತ್ತಿತ್ತು. ಆ ಪುಸ್ತಕವನ್ನು ಅವನೆಂದೂ ನೋಡಿದವನಲ್ಲ. ಬಹುಮಂದಿ ಹದಿನಾಲ್ಕು ವರ್ಷವೂ ತುಂಬದ ಬಾಲಕರು. ಹೋಟೆಲು, ಧಾಬಾಗಳಲ್ಲಿ ಬಾಲಕರನ್ನು ದುಡಿಸಕೂಡದೆಂಬ ನಿಷೇಧ ಬಂದುದು 2006ರ ಅಕ್ಟೋಬರಿನಲ್ಲಿ. ಹದಿನಾಲ್ಕರ ಒಳಗಿನವರ ದುಡಿಮೆಯನ್ನು ಎಲ್ಲ ಕಸುಬುಗಳಲ್ಲಿಯೂ ನಿಷೇಧಿಸಿದ ತಿದ್ದುಪಡಿ ಬಂದುದು 2016ರಲ್ಲಿ. ಇನ್ನು ‘ಮಾಣಿ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಕರಾವಳಿಯಲ್ಲಿ ಅದು ಮನೆಯ ಹುಡುಗನನ್ನು ಅಕ್ಕರೆಯಿಂದ ಕರೆಯುವ ಮಾತು. ಹೋಟೆಲಿಗೆ ಬಂದಮೇಲೆ ಅದೇ ಕಸುಬಿನ ಹೆಸರಾಯಿತು. ಐವತ್ತು ತುಂಬಿ ತಲೆ ನರೆತವನೂ ಮಾಣಿಯೇ. ಇಪ್ಪತ್ತು ವರ್ಷ ಅವನ ಕೈಯಿಂದ ಕಾಫಿ ಕುಡಿದವರಿಗೂ ಅವನ ನಿಜವಾದ ಹೆಸರು ತಿಳಿಯದು. ಅಕ್ಕರೆಯ ಮಾತೊಂದು ಮನುಷ್ಯನನ್ನು ಎಂದೂ ದೊಡ್ಡವನಾಗಗೊಡದ ಮಾತಾಗಿ ಮಾರ್ಪಟ್ಟ ಬಗೆ ಇದು. ‘ಅವನು ನಮ್ಮ ಮನೆಯವನಿದ್ದಂತೆ’ ಎನ್ನುವ ಒಡೆಯನ ಮಾತು ಅನೇಕ ವೇಳೆ ಪ್ರಾಮಾಣಿಕವಾದದ್ದೇ. ಆದರೆ ಮನೆಯವನಿಗೆ ಮನೆಯಲ್ಲಿ ಪಾಲುಂಟು, ಈತನಿಗೆ ಅದಿಲ್ಲ. ಪಾಲಿಲ್ಲದವನಿಗೆ ಲೆಕ್ಕವಾದರೂ ಇರಬೇಕಾದುದು ನ್ಯಾಯ.

ಈಗ ಆ ಹಳೆಯ ಸ್ಥಿತಿಯೂ ಉಳಿದಿಲ್ಲ. ಕರಾವಳಿಯ ಹುಡುಗರು ಓದಿ ಬೇರೆ ದಾರಿ ಹಿಡಿದರು. ಇಂದು ಬೆಂಗಳೂರಿನ ಹೋಟೆಲಿನ ಅಡುಗೆಮನೆಯಲ್ಲಿಯೂ ಪೀಣ್ಯದ ಲೇತಿನ ಮುಂದೆಯೂ ನಿಂತಿರುವವರು ಒಡಿಶಾ, ಬಿಹಾರ, ಬಂಗಾಳ, ಅಸ್ಸಾಂ, ಉತ್ತರ ಪ್ರದೇಶಗಳಿಂದಲೂ ನೇಪಾಳದಿಂದಲೂ ಬಂದ ತರುಣರು. ಇವರನ್ನು ಕರೆತರುವವನು ನೆರೆಮನೆಯವನಲ್ಲ, ತಲೆಗಿಷ್ಟು ಎಂದು ದಳ್ಳಾಳಿ ಪಡೆಯುವ ಮಧ್ಯಸ್ಥ. ಒಡೆಯನಿಗೆ ಅವರ ಊರು ಗೊತ್ತಿಲ್ಲ. ಅವರಿಗೆ ಒಡೆಯನ ಭಾಷೆ ಬಾರದು. ಸ್ಥಳೀಯ ಹುಡುಗನಾದರೋ, ಅಂಗಡಿಯಲ್ಲಿ ಹತ್ತು ಗಂಟೆ ನಿಲ್ಲುವುದಕ್ಕಿಂತ ಬೈಕಿನ ಮೇಲೆ ಊಟ ತಲುಪಿಸಿ ಸಂಪಾದಿಸುವುದೇ ಮೇಲೆಂದು ಹೊರಟುಹೋಗುತ್ತಾನೆ. ಎಂದರೆ, ಕಾಗದದ ಸ್ಥಾನದಲ್ಲಿ ಯಾವ ಪರಿಚಯ ನಿಂತಿತ್ತೋ ಆ ಪರಿಚಯವು ಅಳಿದಿದೆ. ಅದರ ಸ್ಥಾನಕ್ಕೆ ಕಾಗದವು ಬಂದಿಲ್ಲ. ಎರಡೂ ಇಲ್ಲದ ಈ ನಡುಗಾಲದಲ್ಲಿಯೇ ಇಂದಿನ ಸಣ್ಣ ಉದ್ಯಮದ ಕಷ್ಟವೆಲ್ಲ ಅಡಗಿದೆಯೆಂದು ತೋರುತ್ತದೆ. ‘ಇಂದಿನ ಕಾಲದಲ್ಲಿ ಆಳುಗಳು ನಿಲ್ಲುವುದಿಲ್ಲ’ ಎಂದು ಒಡೆಯರು ಗೊಣಗುವುದೂ, ‘ಹೇಳಿದಷ್ಟು ಕೊಡಲಿಲ್ಲ’ ಎಂದು ನೌಕರರು ಬಿಟ್ಟುಹೋಗುವುದೂ ಒಂದೇ ರೋಗದ ಎರಡು ಲಕ್ಷಣಗಳು.

ಆಳು ನಿಲ್ಲದಿರುವನೆಂಬ ಭಯಕ್ಕೆ ನಮ್ಮ ಸಣ್ಣ ಒಡೆಯರು ಕಂಡುಕೊಂಡ ಹಳೆಯ ಮದ್ದು ಮುಂಗಡ. ಮಗಳ ಮದುವೆಗೋ ತಾಯಿಯ ಚಿಕಿತ್ಸೆಗೋ ಇಪ್ಪತ್ತು ಸಾವಿರ ಕೊಟ್ಟರೆ ಅದು ತೀರುವವರೆಗೂ ಆಳು ಕದಲಲಾರ. ನೌಕರನೂ ಇದನ್ನು ಬೇಡವೆನ್ನುವುದಿಲ್ಲ. ಅವನಿಗೆ ಯಾವ ಬ್ಯಾಂಕೂ ಅಷ್ಟು ಸುಲಭವಾಗಿ ಸಾಲ ಕೊಡದು. ಕಷ್ಟಕಾಲದಲ್ಲಿ ಧಣಿ ಕೈಹಿಡಿದನೆಂಬ ಕೃತಜ್ಞತೆಯೂ ಸುಳ್ಳಲ್ಲ. ಆದರೆ ಇಟ್ಟಿಗೆ ಗೂಡುಗಳಲ್ಲಿಯೂ ರಾಮನಗರ, ಮಾಗಡಿಗಳ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಿಯೂ ಇದೇ ಮುಂಗಡವು ಒಂದು ಕಾಲಕ್ಕೆ ಮಕ್ಕಳನ್ನೂ ಕಟ್ಟಿಹಾಕಿದ ಹಗ್ಗವಾಯಿತೆಂಬುದನ್ನು ಮರೆಯಲಾಗದು. ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆಯು ಗುರುತಿಸಿದುದು ಇದನ್ನೇ: ಸಾಲದ ಬಲದಿಂದ ಮನುಷ್ಯನು ಬೇರೆಡೆ ಕೆಲಸ ಹುಡುಕುವ ಸ್ವಾತಂತ್ರ್ಯವನ್ನು ಕಳೆದುಕೊಂಡರೆ ಅದು ಜೀತ. ಒಳ್ಳೆಯ ಒಡೆಯನ ಮುಂಗಡಕ್ಕೂ ಜೀತದ ಮುಂಗಡಕ್ಕೂ ನಡುವಣ ಗೆರೆ ಎಲ್ಲಿದೆ? ಕೊಟ್ಟ ಮೊತ್ತ, ತಿಂಗಳಿಗೆ ಹಿಡಿಯುವ ಕಂತು, ಉಳಿದ ಬಾಕಿ ಈ ಮೂರೂ ನೌಕರನ ಕೈಯಲ್ಲಿರುವ ಕಾಗದದಲ್ಲಿ ಬರೆದಿರುವುದರಲ್ಲಿದೆ. ಬಾಕಿ ಇದ್ದಾಗಲೂ ಕೆಲಸ ಬಿಡುವ ಹಕ್ಕು ಅವನಿಗೆ ಇರುವುದರಲ್ಲಿದೆ. ಯಾವ ಕಾರಣದಿಂದಲೇ ಆಗಲಿ ಸಂಬಳದ ಅರ್ಧಕ್ಕಿಂತ ಹೆಚ್ಚು ಕಡಿತ ಮಾಡಕೂಡದೆಂದು ವೇತನ ಸಂಹಿತೆಯು ಹೇಳುತ್ತದೆ. ಸಾಮಾನು ಒಡೆಯಿತು, ಗಲ್ಲಾಪೆಟ್ಟಿಗೆಯಲ್ಲಿ ನೂರು ರೂಪಾಯಿ ಕಡಿಮೆ ಬಂತು ಎಂದು ಸಂಬಳದಲ್ಲಿ ಮುರಿದುಕೊಳ್ಳುವ ಮುನ್ನ ನೌಕರನಿಗೆ ತನ್ನ ಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದೂ ಅದು ವಿಧಿಸುತ್ತದೆ.

ಇಷ್ಟೆಲ್ಲ ಹೇಳಿ ಒಡೆಯನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಎಂಟು ಜನರನ್ನಿಟ್ಟುಕೊಂಡು ಬಿಡಿಭಾಗಗಳನ್ನು ಮಾಡುವ ಪೀಣ್ಯದ ಅಥವಾ ಬೆಳಗಾವಿಯ ಒಬ್ಬ ಸಣ್ಣ ತಯಾರಕನ ತಿಂಗಳನ್ನು ನೋಡಿರಿ. ಬಟವಾಡೆಯು ಮುಂದಿನ ತಿಂಗಳ ಏಳನೆಯ ತಾರೀಕಿನೊಳಗೆ ಆಗಲೇಬೇಕು. ಅವನ ಸರಕನ್ನು ಕೊಂಡ ದೊಡ್ಡ ಕಂಪನಿಯಾದರೋ ಮೂರು ತಿಂಗಳಾದರೂ ಹಣ ಕಳುಹಿಸದು. ನಲವತ್ತೈದು ದಿನಗಳೊಳಗೆ ಕೊಡತಕ್ಕದ್ದು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರತಕ್ಕದ್ದು ಎಂದು 2006ರ ಕಾಯಿದೆಯೇ ಹೇಳಿದೆ. 2023-24ರ ಲೆಕ್ಕದ ವರ್ಷದಿಂದ, ಸಣ್ಣವರಿಗೆ ಸಕಾಲದಲ್ಲಿ ಕೊಡದ ಹಣವನ್ನು ಅದನ್ನು ನಿಜವಾಗಿ ಕೊಟ್ಟ ವರ್ಷದ ಹೊರತು ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಲಾಗದಂತೆಯೂ ಮಾಡಲಾಯಿತು. ದೂರು ಕೊಡಲು ಮಂಡಲಿಗಳೂ ಇವೆ. ಆದರೆ ದೂರು ಕೊಟ್ಟವನಿಗೆ ಮುಂದಿನ ಗಿರಾಕಿ ಯಾರು? ತನಗಿಂತ ದೊಡ್ಡವನ ಮುಂದೆ ಈ ಒಡೆಯನ ಸ್ಥಿತಿಯೂ, ಇವನ ಮುಂದೆ ನೌಕರನ ಸ್ಥಿತಿಯೂ ಒಂದೇ: ಹಕ್ಕು ಕಾಗದದಲ್ಲಿದೆ, ಕೇಳಿದರೆ ಅನ್ನ ಹೋಗುತ್ತದೆ. ದೊಡ್ಡವನ ತಡವನ್ನು ಸಣ್ಣವನು ತನಗಿಂತ ಸಣ್ಣವನ ಮೇಲೆ ಇಳಿಸುತ್ತಾನೆ. ನೌಕರನ ಸಂಬಳವು ಏಳನೆಯ ತಾರೀಕಿಗೆ ಕೈಸೇರಬೇಕೆಂದು ನಿಜವಾಗಿ ಬಯಸುವ ಸರಕಾರವು ಆ ನಲವತ್ತೈದು ದಿನಗಳ ಮಾತನ್ನೂ ಅಷ್ಟೇ ಬಿಗಿಯಾಗಿ ನಡೆಸಿಕೊಡಬೇಕು; ಸಣ್ಣವನು ದೂರು ಕೊಡುವವರೆಗೆ ಕಾದು ಕೂಡಬಾರದು.

ಇನ್ನೊಂದು ತೊಡಕು ಸಂಖ್ಯೆಯದು. ಹತ್ತನೆಯವನು ಬಂದೊಡನೆ ರಾಜ್ಯ ವಿಮೆ, ಅಂಗಡಿಗಳಿಗೆ ಗ್ರಾಚ್ಯುಯಿಟಿ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ಪ್ರಕಾರ ಆಂತರಿಕ ಸಮಿತಿ. ಇಪ್ಪತ್ತನೆಯವನು ಬಂದೊಡನೆ ಭವಿಷ್ಯನಿಧಿ. ಆದುದರಿಂದ ಒಂಬತ್ತರಲ್ಲಿಯೇ ನಿಲ್ಲುವ, ಹತ್ತೊಂಬತ್ತರಲ್ಲಿಯೇ ನಿಲ್ಲುವ, ಅಥವಾ ಹೆಂಡತಿಯ ಹೆಸರಿನಲ್ಲಿ ಮತ್ತೊಂದು ಫಲಕ ಹಾಕಿ ಜನರನ್ನು ಹಂಚುವ ಉಪಾಯಗಳು ಹುಟ್ಟಿವೆ. ಈ ಭಯದಲ್ಲಿ ಎಷ್ಟು ತಿರುಳಿದೆಯೆಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತಿಂಗಳಿಗೆ 15,000 ರೂಪಾಯಿ ಸಂಬಳದ ನೌಕರನ ವಿಷಯದಲ್ಲಿ, 2019ರ ಜುಲೈನಲ್ಲಿ ಇಳಿಸಿದ ದರದಂತೆ, ರಾಜ್ಯ ವಿಮೆಗೆ ಒಡೆಯನ ಪಾಲು ನೂರಕ್ಕೆ 3.25, ಎಂದರೆ 487 ರೂಪಾಯಿ 50 ಪೈಸೆ. ನೌಕರನ ಪಾಲು ನೂರಕ್ಕೆ 0.75, ಎಂದರೆ 112 ರೂಪಾಯಿ 50 ಪೈಸೆ. ತಿಂಗಳಿಗೆ ಆರುನೂರು ರೂಪಾಯಿಗೆ ನೌಕರನಿಗೂ ಅವನ ಕುಟುಂಬಕ್ಕೂ ಚಿಕಿತ್ಸೆಯ ಆಸರೆ ದೊರೆಯುತ್ತದೆ. ವಿಮೆಯಿಲ್ಲದ ಕಾರಖಾನೆಯಲ್ಲಿ ಯಂತ್ರಕ್ಕೆ ಒಂದು ಬೆರಳು ಸಿಕ್ಕರೆ ಪರಿಹಾರದ ಹೊಣೆ ಒಡೆಯನ ಹೆಗಲಿಗೇ ಬರುತ್ತದೆ. ಇನ್ನು ಗ್ರಾಚ್ಯುಯಿಟಿ: ವರ್ಷಕ್ಕೆ ಹದಿನೈದು ದಿನಗಳ ಸಂಬಳ, ತಿಂಗಳನ್ನು ಇಪ್ಪತ್ತಾರು ದಿನವೆಂದು ಹಿಡಿದು. ಅದೇ 15,000 ರೂಪಾಯಿಯ ಮೇಲೆ ವರ್ಷಕ್ಕೆ 8,654 ರೂಪಾಯಿ, ತಿಂಗಳಿಗೆ ಸುಮಾರು 721. ತಿಂಗಳು ತಿಂಗಳೂ ತೆಗೆದಿಟ್ಟರೆ ಅದು ಭಾರವಲ್ಲ. ಇಪ್ಪತ್ತು ವರ್ಷ ಮರೆತು ಒಮ್ಮೆಗೇ ಕೊಡಬೇಕಾಗಿ ಬಂದಾಗ ಮಾತ್ರ ಅದು ಬಂಡೆ. ಒಡೆಯರನ್ನು ನಿಜವಾಗಿ ಹೆದರಿಸುವುದು ಹಣಕ್ಕಿಂತ ಹೆಚ್ಚಾಗಿ ಕಾಗದಪತ್ರಗಳ ಗೋಜು, ಯಾವ ತಪ್ಪಿಗೆ ಯಾವ ಅಧಿಕಾರಿ ಬಂದಾನೋ ಎಂಬ ಶಂಕೆ. ಹೊಸ ಸಂಹಿತೆಯು ತನಿಖಾಧಿಕಾರಿಯ ಹೆಸರಿಗೆ ‘ಅನುಕೂಲ ಮಾಡಿಕೊಡುವವನು’ ಎಂಬ ಮಾತನ್ನೂ ಜೋಡಿಸಿದೆ. ಹೆಸರಿಗೆ ತಕ್ಕಂತೆ ಅವನು ನಡೆಯುವನೆ ಎಂಬುದನ್ನು ಅಂಗಡಿಯ ಬೀದಿಗಳೇ ಹೇಳಬೇಕು.

ಕಾನೂನಿನ ಮಾತು ಮುಗಿದ ಮೇಲೆ ಉಳಿಯುವುದು ನಡೆಸಿಕೊಳ್ಳುವ ಬಗೆ. ದೊಡ್ಡ ಕಂಪನಿಯಲ್ಲಿ ಇದಕ್ಕೊಂದು ಇಲಾಖೆಯುಂಟು; ಸಣ್ಣ ಅಂಗಡಿಯಲ್ಲಿ ಒಡೆಯನ ಸ್ವಭಾವವೇ ಇಲಾಖೆ. ಅವನು ಮನೆಯಲ್ಲಿ ಜಗಳವಾಡಿ ಬಂದ ದಿನ ಅಂಗಡಿಯ ನಿಯಮವೇ ಬೇರೆಯಾಗುತ್ತದೆ. ಗಿರಾಕಿಗಳೆದುರಿಗೆ ಬೈಸಿಕೊಂಡವನು ಮರುದಿನ ಬಾರದೆ ಹೋದರೆ ಅದಕ್ಕೆ ಸಂಬಳವೊಂದೇ ಕಾರಣವಾಗಿರಲಾರದು. ಮೂವರಲ್ಲಿ ಒಬ್ಬನು ತಂಗಿಯ ಮದುವೆಗೆ ಹೋದರೆ ಅಂಗಡಿಯ ಮೂರನೆಯ ಒಂದು ಪಾಲೇ ಹೋದಂತೆ, ನಿಜ. ಆದರೆ ರಜೆಯ ಲೆಕ್ಕ ಮೊದಲೇ ಗೊತ್ತಿದ್ದರೆ ಅವನು ಒಂದು ವಾರ ಮುಂಚೆ ಹೇಳಿಯಾನು, ಗೊತ್ತಿಲ್ಲದಿದ್ದರೆ ಸುಳ್ಳು ಜ್ವರದ ನೆಪ ಹೂಡಿಯಾನು. ಹೆಂಗಸರು ದುಡಿಯುವ ಬಟ್ಟೆಯಂಗಡಿಗಳಲ್ಲಿ ಇಡೀ ದಿನ ನಿಂತೇ ಇರಬೇಕೆಂಬ ಪದ್ಧತಿಯನ್ನು ಮುರಿದು, ಕುಳಿತುಕೊಳ್ಳುವ ಹಕ್ಕನ್ನು ಕಾಯಿದೆಯಲ್ಲಿ ಬರೆಯಬೇಕಾಯಿತು: ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ. ಒಂದು ಮಣೆಯನ್ನು ಹಾಕಿಕೊಡಲು ಶಾಸನಸಭೆ ಕೂಡಬೇಕಾಯಿತೆಂಬುದು ವ್ಯಾಪಾರಸ್ಥರು ಕುಳಿತು ಯೋಚಿಸಬೇಕಾದ ಸಂಗತಿ. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ ಕಿರುಕುಳಕ್ಕೊಳಗಾದ ಹೆಣ್ಣುಮಗಳು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಂಥದೊಂದು ಸಮಿತಿ ಇದೆಯೆಂಬುದನ್ನು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟ ಒಡೆಯನನ್ನು ಆ ಹೆಣ್ಣುಮಗಳ ತಂದೆ-ತಾಯಿಗಳು ನಂಬದಿರಲಾರರು.

ಕಾಗದ ಬಂದರೆ ವಿಶ್ವಾಸ ಹೋಗುತ್ತದೆಂಬ ವಾದವನ್ನು ಅನೇಕರು ಮುಂದಿಡುತ್ತಾರೆ. ಮದುವೆಯ ಮಾತುಕತೆಯಲ್ಲಿ ಲಗ್ನಪತ್ರಿಕೆ ಬರೆಯಿಸುವ, ಭೂಮಿ ಮಾರುವಾಗ ಅಣ್ಣ-ತಮ್ಮಂದಿರೊಳಗೂ ಪತ್ರ ಮಾಡಿಸುವ ಜನ ನಾವು. ಅಲ್ಲೆಲ್ಲ ಬರೆಹವು ವಿಶ್ವಾಸಕ್ಕೆ ಕೊರತೆಯೆಂದು ಯಾರೂ ಭಾವಿಸಿಲ್ಲ. ಆಳಿನ ವಿಷಯದಲ್ಲಿ ಮಾತ್ರ ಬರೆಹವು ಅವಿಶ್ವಾಸವೆಂದು ಕಾಣುವುದಾದರೆ, ಅವನು ಬರೆದುಕೊಡುವಷ್ಟು ಸಮಾನನಲ್ಲವೆಂಬ ಭಾವನೆಯೇ ಅದರ ಹಿಂದಿರಬೇಕಲ್ಲವೆ? ನೇಮಕ ಪತ್ರದ ಮೊದಲ ಅಂಕಣ ನೌಕರನ ಹೆಸರು. ಮಾಣಿ, ಹುಡುಗ, ಭಯ್ಯಾ, ಏಯ್ ಎಂಬ ಸಂಬೋಧನೆಗಳು ಅಲ್ಲಿ ಹಿಡಿಸುವುದಿಲ್ಲ. ಒಡೆಯನು ಕೇಳಬೇಕು, ನೌಕರನು ಹೇಳಬೇಕು, ತಂದೆಯ ಹೆಸರು ಊರುಗಳೊಡನೆ ಅದನ್ನು ಪೂರ್ತಿಯಾಗಿ ಬರೆಯಬೇಕು. ಆ ಕಾಗದವು ಒಂದು ಹಾಳೆಯನ್ನು ಮೀರಕೂಡದು. ಕನ್ನಡದಲ್ಲಿರಬೇಕು, ನೌಕರನಿಗೆ ಕನ್ನಡ ಬಾರದಿದ್ದರೆ ಅವನ ಭಾಷೆಯಲ್ಲಿಯೂ ಇರಬೇಕು. ಕೆಲಸ ಯಾವುದು, ಸಂಬಳವೆಷ್ಟು, ಯಾವ ತಾರೀಕಿಗೆ, ಗಂಟೆ ಎಷ್ಟು, ರಜೆ ಎಂದು, ಮುಂಗಡವೆಷ್ಟು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು ಎಂಬ ಏಳೆಂಟು ಸಾಲುಗಳು ಸಾಕು. ಇಂಥ ಒಂದು ಮಾದರಿಯನ್ನು ಅಚ್ಚುಹಾಕಿಸಿ ಹಂಚುವ ಕೆಲಸವನ್ನು ಕಾರ್ಮಿಕ ಇಲಾಖೆಯೂ, ಊರೂರಿನ ವರ್ತಕರ ಸಂಘಗಳೂ, ಹೋಟೆಲು ಮಾಲಿಕರ ಸಂಘಗಳೂ ಕೈಗೊಂಡರೆ ಅದರಿಂದಾಗುವ ಉಪಕಾರವು ನೂರು ಭಾಷಣಗಳಿಂದ ಆಗದು.

ಕೊನೆಗೆ ಒಂದು ಮಾತು. ಒಡೆಯನನ್ನು ಜನ ಅಳೆಯುವುದು ಸಾಮಾನ್ಯವಾಗಿ ಅವನು ಕೆಲಸ ಕೊಟ್ಟ ದಿನದಿಂದ. ಆಳು ಬಿಟ್ಟುಹೋಗುವ ದಿನದಿಂದ ಅಳೆಯುವುದು ಹೆಚ್ಚು ಸರಿಯಾದ ಅಳತೆ. ಅಂದು ಒಡೆಯನಿಗೆ ಅವನಿಂದ ಇನ್ನು ಯಾವ ಪ್ರಯೋಜನವೂ ಇಲ್ಲ. ಸಿಟ್ಟು ಮಾತ್ರ ಇರಬಹುದು. ಬಿಟ್ಟವನಾಗಲಿ ಬಿಡಿಸಲ್ಪಟ್ಟವನಾಗಲಿ, ಎರಡು ಕೆಲಸದ ದಿನಗಳೊಳಗೆ ಅವನ ಸಂಬಳದ ಬಾಕಿಯನ್ನು ಚುಕ್ತಾ ಮಾಡತಕ್ಕದ್ದೆಂದು ವೇತನ ಸಂಹಿತೆಯು ಹೇಳುತ್ತದೆ. ‘ಮುಂದಿನ ತಿಂಗಳು ಬಾ’ ಎಂದು ಅಲೆದಾಡಿಸುವ ನಮ್ಮ ಬೀದಿಗಳಲ್ಲಿ ಈ ಎರಡು ದಿನಗಳ ವಿಧಿಯೊಂದು ನಡೆದುಬಂದರೂ ಸಂಹಿತೆಯು ಸಾರ್ಥಕವಾದಂತೆ. ಏಕೆಂದರೆ ಅಂಗಡಿಯೊಳಗೆ ಉಳಿದ ಇಬ್ಬರು ಆ ದಿನ ಮಾತಾಡದೆ ನೋಡುತ್ತಿರುತ್ತಾರೆ. ತಾವು ಇಲ್ಲಿ ನಿಲ್ಲಬೇಕೆ ಬೇಡವೆ ಎಂಬುದನ್ನು ಅವರು ನಿಶ್ಚಯಿಸುವುದು ಆಗಲೇ.